ಓವರ್ಸಿಯರ್ ಸಾಹೇಬರ ಮತಿ

ಕೇಣಿಚಿರ ಭಾಗದ ಸಮಸ್ತ ಬಲ್ಬುಗಳ ಭಾಗ್ಯವಿಧಾತರೂ, ಕಂಬ ಮುಟ್ಟದೆಯೇ ಕರೆಂಟಿನ ನಾಡಿ ಹಿಡಿಯಬಲ್ಲವರೂ ಆದ ವಿದ್ಯುತ್ ಓವರ್ಸಿಯರ್ ಪದ್ಮನಾಭನ್ ಅವರಿಗೆ ನಿಂಗಯ್ಯನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ವಯನಾಡು ಹೊಸ ಜಿಲ್ಲೆಯಾದ ಮೇಲೆ ನಮಗೆ ಕಲೆಕ್ಟರರೂ ಬಂದರು, ತಾವೂ ಬಂದಿರಿ. ಇಬ್ಬರಲ್ಲಿ ನಮ್ಮ ಅಂಗಳಕ್ಕೆ ಕಾಲಿಟ್ಟವರು ತಾವೊಬ್ಬರೇ ಎಂಬ ಹೆಮ್ಮೆ ನನಗಿದೆ. ನನ್ನ ಹೆಂಡತಿ ಇಂದ್ರಮ್ಮ ಜಂಕ್ಷನ್ನಿನ ಹೋಟೆಲಿಗೆ ಹಿಟ್ಟು ರುಬ್ಬಿಕೊಡುವುದು ತಮಗೆ ಗೊತ್ತು, ಏಕೆಂದರೆ ಅಲ್ಲಿನ ದೋಸೆಯೆಂದರೆ ತಮಗೆ ಪ್ರಾಣ. ಒರಳು ತಿರುಗಿಸಿ ತಿರುಗಿಸಿ ಆಕೆಯ ಬಲಭುಜ ಹಿಡಿದುಕೊಂಡು, ತಲೆ ಬಾಚಲೂ ಕೈ ಏಳದಂತಾದಾಗ ನಾನು ಬತ್ತೇರಿ ಪೇಟೆಯಿಂದ ಕರೆಂಟಿನ ಗ್ರೈಂಡರ್ ತಂದೆ. ನಾಲ್ಕು ದೀಪ, ಒಂದು ರೇಡಿಯೋಕ್ಕೆಂದು ಕಂಬದಿಂದ ಎಳೆದ ಹಳೆಯ ಸರ್ವೀಸ್ ವಯರು ಇದನ್ನು ತಾಳೀತೇ ಎಂದು ನೋಡಿಸದೆ ಗ್ರೈಂಡರಿಗೆ ಹೊಸ ಲೈನು ಹಾಕಲಾರೆನೆಂದು ವಯರ್‌ಮನ್ ವೇಲಾಯುಧನ್ ಹಟ ಹಿಡಿದದ್ದರಿಂದ ತಮ್ಮನ್ನು ಕರೆಸಿದೆವು.

ತಾವು ಬಂದಿರಿ. ಮೀಟರಿನ ಮೇಲೇನು ಬರೆದಿದೆ, ಫ್ಯೂಸಿನ ತಂತಿ ಎಷ್ಟು ದಪ್ಪ, ಗ್ರೈಂಡರಿನ ಜೊತೆ ಇಸ್ತ್ರಿ ಪೆಟ್ಟಿಗೆಯೂ ಸೇರಿದರೆ ಲೋಡು ಎಷ್ಟಾದೀತು ಎಂಬ ಕ್ಷುಲ್ಲಕ ವಿಚಾರಗಳಿಗೆ ಇಳಿಯದೆ, ಅಂಗಳದಲ್ಲೇ ಕಾಫಿ ಕುಡಿಯುತ್ತಾ ವಯರನ್ನೊಮ್ಮೆ ಕಣ್ಣೆತ್ತಿ ನೋಡಿದಿರಿ. "ಇದು ಸಾಕಾಯ್ತದಾ ಸಾರೇ?" ಎಂದು ಇಂದ್ರಮ್ಮ ಕೇಳಿದ್ದಕ್ಕೆ "ಮತಿ, ಮತಿ" ಎಂದು ತಮ್ಮ ಮಲಯಾಳದಲ್ಲಿ ಹೇಳಿ ಕೈಯಾಡಿಸಿ ಹೊರಟಿರಿ. ಸಾಕಾಗುತ್ತದೆಂದು ದೊಡ್ಡವರೇ ಹೇಳಿದ ಮೇಲೆ ಇನ್ನೇನೆಂದು ವೇಲಾಯುಧನ್ ಲೈನು ಹಾಕಿದ.

ಮಾರನೆಯ ಬೆಳಿಗ್ಗೆ ಗ್ರೈಂಡರಿನ ಕಲ್ಲು ಒಂದೆರಡು ಸುತ್ತು ತಿರುಗುವಷ್ಟರಲ್ಲಿ ಮೀಟರಿನ ಹಲಗೆ ಹೊಗೆಯಾಡಿ ಮನೆ ಕತ್ತಲಾಯಿತು. ತಮ್ಮ ಕಚೇರಿಗೆ ಓಡಿಬಂದ ನನಗೆ ತಾವು, ತಮ್ಮ 'ಮತಿ'ಗೆ ಸಾಕಾಗುತ್ತದೆ ಎಂಬ ಅರ್ಥವಲ್ಲ, ಇರುವುದೇ ಸಾಕು, ಇನ್ನು ಹೇರಬೇಡಿ ಎಂಬ ಅರ್ಥವೆಂದು ಭಾಷ್ಯ ದಯಪಾಲಿಸಿದಿರಿ. ನಮ್ಮ 'ಸಾಕು' ಕೂಡ ಅಂಥದೇ ಎರಡು ನಾಲಗೆಯ ಪದ, ಒಪ್ಪುತ್ತೇನೆ. ಆದರೆ ನಾವು ಅದನ್ನು ಹೇಳುವುದು ಎಲೆಯ ಮುಂದೆ ಕೂತು, ವಯರಿನ ಕೆಳಗೆ ನಿಂತಲ್ಲ. ಕನ್ನಡದಲ್ಲಿ ಮತಿಯೆಂದರೆ ಬುದ್ಧಿ ಎಂಬ ಅರ್ಥವೂ ಉಂಟು. ಅದಕ್ಕೂ ತಮ್ಮ ಆ ದಿನದ ಭೇಟಿಗೂ ಏನೇನೂ ಸಂಬಂಧವಿರಲಿಲ್ಲವೆಂದು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡುತ್ತೇನೆ.

ಆದ್ದರಿಂದ ನಮಗೊಂದು ದಪ್ಪ ವಯರು ಎಳೆಸಿಕೊಡಬೇಕು. ಅದಾಗದಿದ್ದರೆ ತಮ್ಮ ಕಣ್ಣಳತೆಯನ್ನೇ ಕಂಬದಿಂದ ಮನೆಗೆ ಎಳೆಸಿಕೊಡಬೇಕು, ಅದು ಎಷ್ಟು ಲೋಡನ್ನಾದರೂ ಅಳುಕದೆ ತಾಳುತ್ತದೆ. ಅದೂ ಆಗದಿದ್ದರೆ, ತಾವಾಡುವ ಮಾತಿನ ಸರಿಯಾದ ಅರ್ಥ ಮುಂದಾದರೂ ತಿಳಿಯುವಂತೆ ಕರೆಂಟಿಗೆ ಮಲಯಾಳ ಕಲಿಸಬೇಕು.

ತಮಾಷೆ ಹಾಗಿರಲಿ ಸ್ವಾಮಿ. ಇಂದ್ರಮ್ಮ ಈಗ ಒರಳಿನ ಮುಂದೆ ಕೂತು ಎಡಗೈಯಲ್ಲಿ ರುಬ್ಬುತ್ತಿದ್ದಾಳೆ. ನಾನು ರುಬ್ಬಿದ ಹಿಟ್ಟನ್ನು ಹೋಟೆಲಿನವರು ವಾಪಸು ಕಳಿಸಿದರು. ಅವಳು ಹಲ್ಲು ಕಚ್ಚುವುದನ್ನು ನೋಡಲಾರದೆ ಜಗಲಿಗೆ ಬಂದು ಬರೆಯುತ್ತಿದ್ದೇನೆ, ನನಗೆ ಬಹಳ ಸಿಟ್ಟು ಬಂದಿದೆ.

ಕತ್ತಲಲ್ಲಿಯೂ ತಮ್ಮ ವಿಶ್ವಾಸಿ,
ನಿಂಗಯ್ಯ

ತಾ.ಕ.: ಸೋಮವಾರದಿಂದ ಇಂದ್ರಮ್ಮ ಗ್ರೈಂಡರನ್ನು ತಮ್ಮ ಕಚೇರಿಗೇ ತಂದು, ತಮ್ಮ ಫ್ಯಾನಿನ ಪ್ಲಗ್ಗು ಕಿತ್ತು ಅಲ್ಲೇ ಹಾಕಿಕೊಂಡು ರುಬ್ಬುವವಳಿದ್ದಾಳೆ. ತಾವು ಎಷ್ಟೇ ಬೆವರಿದರೂ ದಯವಿಟ್ಟು "ಮತಿ" ಎನ್ನಬೇಡಿ. ಧಾರಾಳವಾಗಿ ಸಾಕಾಗುತ್ತದೆ ಎಂದುಕೊಂಡು ಆಕೆ ಇನ್ನೊಂದು ಒಬ್ಬೆ ಅಕ್ಕಿ ಹಾಕಿಬಿಡುತ್ತಾಳೆ.