ಆಕಾಶ ಬಿಟ್ಟು ಹೊಳೆಗೆ ಬಂದ ಭಾವ

ಹೆದರುಪುಕ್ಕಲರಿಗೆ ಸಿದ್ಧಾಂತಗಳು ಬೇಗ ಹುಟ್ಟುತ್ತವೆ. ತಾರಸಿಯ ಏಣಿ ಹತ್ತಿದರೂ ಕಾಲು ನಡುಗುವ ನನ್ನ ಸಿದ್ಧಾಂತ ಇದು: ನೀರಿಗೆ ಬಿದ್ದವನು ಈಜಿಯಾದರೂ ಬಂದಾನು, ಆಕಾಶದಿಂದ ಬಿದ್ದವನಿಗೆ ಹಿಡಿದುಕೊಳ್ಳಲು ಒಂದು ಬಳ್ಳಿಯೂ ಇಲ್ಲ.

ಅಕ್ಕನ ಗಂಡ ಸದಾಶಿವ ಭಾವ ಗಲ್ಫಿನಲ್ಲಿದ್ದಾಗ ರಜೆಯ ದಿನಗಳಲ್ಲಿ ಎರಡು ಸೀಟಿನ ಪುಟ್ಟ ವಿಮಾನ ಹಾರಿಸುತ್ತಿದ್ದರು. ಫೋಟೊದಲ್ಲಿ ನೋಡಿದರೆ ಅದಕ್ಕಿಂತ ನಮ್ಮ ಸೀತಾಂಗೋಳಿಯ ಆಟೋಗಳೇ ಗಟ್ಟಿಮುಟ್ಟಾಗಿ ಕಾಣುತ್ತಿದ್ದವು. ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. ಭಾವ ಮಾತ್ರ, "ರೆಕ್ಕೆ, ಎಣ್ಣೆ, ಗಾಳಿ ಎಲ್ಲ ನೋಡಿಯೇ ಹತ್ತುವುದು ಮಾರಾಯ. ಮೋಡ ಕಂಡರೆ ಆ ದಿನ ಹಾರುವುದೇ ಇಲ್ಲ. ಹೆದರಿಕೆ ಉಂಟಲ್ಲ, ಅದೇ ನಮ್ಮನ್ನು ಕಾಯುವುದು" ಎನ್ನುತ್ತಿದ್ದರು.

ಊರಿಗೆ ಮರಳಿ ಕುಂಬಳೆಯಲ್ಲಿ ನೆಲೆಸಿದ ಮೇಲೆ, ಅಕ್ಕನ ಕಣ್ಣೀರಿಗೆ ಸೋತು ಆಕಾಶವನ್ನು ಬಿಟ್ಟರು. ಬದಲಿಗೆ ಮನೆಯ ಹಿಂದಿನ ಹೊಳೆಯಲ್ಲಿ ಸುತ್ತಾಡಲು ಎಂಜಿನ್ ಇರುವ ಸಣ್ಣ ದೋಣಿಯೊಂದನ್ನು ತಂದರು. ಅಕ್ಕ ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದಳು. ನಾನೂ ಒಮ್ಮೆ ಹೋಗಿದ್ದೆ. ಲೈಫ್ ಜಾಕೆಟ್ಟನ್ನು ಮಣೆಯಂತೆ ಹಾಸಿ ಕುಳಿತು ಚಕ್ಕುಲಿ ತಿಂದೆವು.

"ಇದನ್ನು ಹಾಕಿಕೊಳ್ಳುವುದು ಬೇಡವಾ ಭಾವ?"

"ಈ ಸೆಕೆಗಾ? ಮನೆ ಹಿಂದಿನ ಹೊಳೆ ನಮಗೆ ಎಂತ ಮಾಡ್ತದೆ ಮಾರಾಯ."

ಈ ಸಲದ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಒಬ್ಬರೇ ಹೋದರು. ಹೊಳೆ ಸಮುದ್ರ ಸೇರುವ ಅಳಿವೆಯ ಬಳಿ ದೋಣಿ ಮಗುಚಿತು. ಭಾವನಿಗೆ ಈಜು ಚೆನ್ನಾಗಿಯೇ ಬರುತ್ತಿತ್ತು. ಆದರೆ ದೋಣಿಯ ಅಂಚು ತಲೆಗೆ ಬಡಿದಿತ್ತಂತೆ. ಮೊದಲು ದಡಕ್ಕೆ ತೇಲಿ ಬಂದದ್ದು ಖಾಲಿ ಜಾಕೆಟ್.

ಕ್ರಿಯೆಗಳೆಲ್ಲ ಮುಗಿದ ದಿನ ಅಕ್ಕ ಜಗಲಿಯಲ್ಲಿ ಕುಳಿತು ಹೇಳಿದಳು: "ಆಕಾಶದಲ್ಲಿ ಅವರಿಗೆ ಹೆದರಿಕೆ ಇತ್ತು. ಹೊಳೆಯಲ್ಲಿ ಇರಲಿಲ್ಲ. ಹೆದರಿಕೆ ಇಲ್ಲದ ಜಾಗಕ್ಕೆ ಕರೆದು ತಂದದ್ದು ನಾನೇ ಅಲ್ವಾ?"

ವಿಮಾನಕ್ಕಿಂತ ದೋಣಿಯೇ ವಾಸಿ ಎಂದು ಭಾವನೊಡನೆ ಚಹಾ ಆರುವವರೆಗೂ ವಾದಿಸುತ್ತಿದ್ದವನು ನಾನು. ಎದ್ದು ಸ್ಕೂಟರ್ ಹತ್ತಿದೆ. ಅಕ್ಕ ಅಂಗಳಕ್ಕಿಳಿದು ಬಂದಳು.

"ಹೆಲ್ಮೆಟ್ ಎಂತಕ್ಕೆ ಕೊಕ್ಕೆಯಲ್ಲಿ ನೇತು ಹಾಕಿದ್ದು?"

"ಇಲ್ಲೇ ಸೀತಾಂಗೋಳಿಗೆ ಅಲ್ವಾ ಅಕ್ಕ" ಎಂದುಬಿಟ್ಟೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಹೆಲ್ಮೆಟ್ ತೆಗೆದು ನನ್ನ ತಲೆಗಿಟ್ಟು, ಗಲ್ಲದ ಕೆಳಗೆ ಪಟ್ಟಿ ಬಿಗಿದಳು. ತುಸು ಹೆಚ್ಚೇ ಬಿಗಿಯಾಗಿತ್ತು. ಸಡಿಲಿಸಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ಮನೆ ತಲುಪಿ ಹಾಗೆಯೇ ಜಗಲಿಯಲ್ಲಿ ಕುಳಿತೆ. "ಇದೆಂತ, ಊಟಕ್ಕೂ ಹೆಲ್ಮೆಟ್ ಹಾಕಿಯೇ ಕೂರುವುದಾ?" ಎಂದಳು ಹೆಂಡತಿ. ಕಪ್ಪು ಗಾಜಿನ ಹಿಂದೆ ನಾನು ಅಳುತ್ತಿದ್ದದ್ದು ಅವಳಿಗೆ ಕಾಣಲಿಲ್ಲ.