ಮೆಣಸಿನ ಗಿಡಕ್ಕೆ ಭೈರವ ರಾಗ

ಅಳೆಯುವ ಚಟ ನನಗೆ ಯಾವಾಗ ಹತ್ತಿತೋ ಗೊತ್ತಿಲ್ಲ. ಹುಲಕೋಟಿಯಲ್ಲಿ ಶಾಲೆಗೆ ಹೋಗುವಾಗ ಮನೆಯಿಂದ ಶಾಲೆಯ ಮೆಟ್ಟಿಲಿನವರೆಗೆ ಎಷ್ಟು ಹೆಜ್ಜೆ ಎಂದು ದಿನಾ ಎಣಿಸುತ್ತಿದ್ದೆ ಎಂದು ಎಷ್ಟೋ ಬೀಳ್ಕೊಡುಗೆ ಸಮಾರಂಭಗಳಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಅದು ಸುಳ್ಳಿರಬಹುದು. ಸಂಶೋಧಕ ಅನ್ನಿಸಿಕೊಳ್ಳಬೇಕೆಂದಿದ್ದವನಿಗೆ ಅಂಥದೊಂದು ಬಾಲ್ಯ ಬೇಕಾಗುತ್ತದೆ. ಇಲ್ಲದಿದ್ದರೆ ಆಮೇಲೆ ಹೊಲಿಸಿಕೊಳ್ಳಬೇಕಾಗುತ್ತದೆ. ಖರೆ ಸಂಗತಿ ಇಷ್ಟು: ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಗದಗಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕನಾಗಿದ್ದೆ, ಮತ್ತು ನನ್ನ ಪಿಎಚ್.ಡಿ. ಪ್ರಬಂಧ ಎರಡು ಸಲ ಸತ್ತಿತ್ತು. ಮೊದಲು ಕಪ್ಪತಗುಡ್ಡದ ಹುಲ್ಲುಗಳ ಮೇಲೆ ಬರೆಯಲು ಹೊರಟೆ. ಗುಡ್ಡದ ಒಂದು ಮಗ್ಗುಲಲ್ಲಿ ಗೂಟ ನೆಟ್ಟು, ಹುಲ್ಲಿಗೆ ಗುರುತು ಕಟ್ಟಿ ಬಂದೆ. ಮುಂದಿನ ವಾರ ಹೋಗುವಷ್ಟರಲ್ಲಿ ಮುಂಡರಗಿ ಕಡೆಯ ಕುರಿಗಳು ಬಂದು ಮೊದಲ ಅಧ್ಯಾಯವನ್ನು ಪೂರ್ತಿ ಮೇಯ್ದು ಹೋಗಿದ್ದವು. ಆಮೇಲೆ ಡಂಬಳದ ಕೆರೆಯ ಪಾಚಿ ಹಿಡಿದೆ. ಆ ಬೇಸಿಗೆಯಲ್ಲಿ ಕೆರೆ ತಳ ಕಂಡು ಎರಡನೆಯ ಅಧ್ಯಾಯ ಆವಿಯಾಯಿತು. ಮಾರ್ಗದರ್ಶಕರು ನನಗೆ, ಮನೆಯ ಹತ್ತಿರವೇ ಏನಾದರೂ ಇದ್ದರೆ ನೋಡಿ, ದೂರ ಹೋಗಬೇಡಿ ಎಂದು ಸಲಹೆ ಕೊಟ್ಟರು. ಸಸ್ಯಗಳ ಮೇಲಿನ ಕರುಣೆಯಿಂದ ಹಾಗೆ ಹೇಳಿದರೆಂದು ನನ್ನ ಹೆಂಡತಿ ಶಾಂತಾಳ ಅಭಿಪ್ರಾಯ.

ಮನೆಯ ಹತ್ತಿರ ಇದ್ದದ್ದು ಸಂಗೀತ. ನಾವು ಬಾಡಿಗೆಗಿದ್ದದ್ದು ಬೆಟಗೇರಿಯಲ್ಲಿ, ನೇಕಾರರ ನೀಲವ್ವನ ವಾಡೆಯಲ್ಲಿ. ಬಾಗಿಲಿನ ಪಕ್ಕದ ಪಡಸಾಲೆಯಲ್ಲಿ ಅವಳ ಕುಣಿಮಗ್ಗ; ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, ಹಲಗೆ ತುಳಿಯುತ್ತ, ಲಾಳಿ ಎಸೆಯುತ್ತ ಆಕೆ ಬೆಳಗಿನಿಂದ ಸೀರೆ ನೇಯುತ್ತಿದ್ದಳು. ಒಳಗೆ ಸಾಲಾಗಿ ಮೂರು ಬಿಡಾರ. ಒಂದು ನಮ್ಮದು. ಇನ್ನೊಂದರಲ್ಲಿ ಬ್ಯಾಂಕಿನ ಗುಮಾಸ್ತ ವಾಮನರಾವ್; ಆಫೀಸರ್ ಆಗುವ ಪರೀಕ್ಷೆಗೆ ಓದುತ್ತಿದ್ದ ಅವರಿಗೆ ಲೋಕದ ಎಲ್ಲ ವಸ್ತುಗಳೂ ಬಡ್ಡಿ ಕೊಡುವಂಥವು, ಕೊಡದಂಥವು ಎಂದು ಎರಡೇ ಜಾತಿಯಾಗಿ ಕಾಣುತ್ತಿದ್ದವು. ಮೂರನೆಯದು, ಮಗ್ಗದ ಗೋಡೆಗೆ ಹತ್ತಿದ ಖೋಲಿ, ರಾಚಯ್ಯನದು.

ರಾಚಯ್ಯ ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಬಿಟ್ಟು ಹಾಡು ಕಲಿಯಲು ಬಂದಿದ್ದ. ಮೂವತ್ತು ದಾಟಿತ್ತು. ಪರೀಕ್ಷೆಗೆ ಇನ್ನೊಂದು ವರ್ಷ ಉಳಿದಿತ್ತು. ದಿನಾ ಬೆಳಿಗ್ಗೆ ಭೈರವ ರಾಗವನ್ನು ವಿಲಂಬಿತದಲ್ಲಿ, ಎಂದರೆ ಎಷ್ಟು ಸಾವಕಾಶ ಸಾಧ್ಯವೋ ಅಷ್ಟು ಸಾವಕಾಶವಾಗಿ, ಹಿಡಿದು ಕೂಡುತ್ತಿದ್ದ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನಮ್ಮ ಮನೆಯಲ್ಲಿ ಚಹಾ ಕುದಿದು ಸೋಸಿ ಆಗಿರುತ್ತಿತ್ತು. ಗದಗಿನಲ್ಲಿ ಹಾಡುವವರಿಗೆ ಮರ್ಯಾದೆ ಬಹಳ, ಖೋಲಿ ಕಡಿಮೆ. ಎರಡು ವರ್ಷದಲ್ಲಿ ಅವನು ನಾಲ್ಕು ಖೋಲಿ ಬಿಟ್ಟಿದ್ದ. ಇದೂ ತಪ್ಪಿದರೆ ಶಿರಹಟ್ಟಿಯ ಅಣ್ಣನ ಕಿರಾಣಿ ಅಂಗಡಿಯೇ ಗತಿ. ಅಣ್ಣ ಪ್ರತಿ ಪತ್ರದ ಕೊನೆಗೂ ತಕ್ಕಡಿ ನಿನ್ನ ಹಾದಿ ನೋಡುತ್ತಿದೆ ಎಂದು ಬರೆಯುತ್ತಿದ್ದನಂತೆ.

ಆ ಸೀಗಿ ಹುಣ್ಣಿಮೆಯ ಸುಮಾರಿಗೆ ನೀಲವ್ವ ಖೋಲಿ ಬಿಡಲು ಹೇಳಿಯೇಬಿಟ್ಟಳು. ಅವಳಿಗೂ ಸುಲಭವಿರಲಿಲ್ಲ. ರಾಚಯ್ಯ ಜಂಗಮರವನು, ಅವಳ ಪಾಲಿಗೆ ಅಯ್ಯನೋರು. ಸೋಮವಾರ ಪಾದ ಮುಟ್ಟಿ ನಮಸ್ಕಾರ ಮಾಡಿ, ಮಂಗಳವಾರ ಬೇರೆ ಖೋಲಿ ನೋಡಿಕೊಳ್ಳಿ ಎಂದಳು. ನಾನು ವಕಾಲತ್ತು ವಹಿಸಿ, ಹಾಡು ಕಿವಿಗೆ ಅಷ್ಟು ಬೇಸರವೇ ಎಂದು ಕೇಳಿದೆ.

"ಕಿವಿಗೆ ಬಡದ್ರ ನಡೀತಿತ್ತು, ಮಾಸ್ತರ. ನನ್ನ ಕಾಲಿಗೆ ಬಡೀತೈತಿ. ಅವರು ಎಳದಂಗ ಎಳದಂಗ ನನ್ನ ಕಾಲು ಜಗ್ಗತಾವು. ವಾರಕ್ಕ ಎರಡು ಸೀರಿ ಇಳೀತಿದ್ವು, ಈಗ ಒಂದೂವರಿ."

ಈ ಮಾತನ್ನು ನಾನು ಆಗ ಕೇಳಿಸಿಕೊಳ್ಳಬೇಕಿತ್ತು. ಕೇಳಿಸಿಕೊಳ್ಳಲಿಲ್ಲ. ಯಾಕೆಂದರೆ ಅದೇ ವಾರ ಕಾಲೇಜಿನ ವಾಚನಾಲಯದಲ್ಲಿ, ಸಂಗೀತ ಕೇಳಿಸಿದರೆ ಗಿಡಗಳು ಹುಲುಸಾಗಿ ಬೆಳೆಯುತ್ತವೆ ಎಂಬ ಬರಹ ಓದಿದ್ದೆ. ತಲೆಯೊಳಗೆ ಮೂರನೆಯ ಪ್ರಬಂಧ ಮೊಳಕೆಯೊಡೆದಿತ್ತು. ಅಯ್ಯನವರ ಹಾಡಿನಿಂದ ಗಿಡಕ್ಕೆ ಲಾಭವಿದೆ, ಗಿಡಕ್ಕೆ ಲಾಭವಿದ್ದರೆ ಮನುಷ್ಯರಿಗೂ ಇದ್ದೇ ಇರುತ್ತದೆ, ಇದನ್ನು ನಾನು ಸಿದ್ಧ ಮಾಡಿ ತೋರಿಸುತ್ತೇನೆ ಎಂದು ನೀಲವ್ವನ ಮುಂದೆ ಪಾಠ ಹೇಳಿದೆ. ಆಕೆ ಲಾಳಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಗಿಡ ಬೆಳೆದರೆ ಅಯ್ಯನೋರು ಇರಲಿ, ಬೆಳೆಯದಿದ್ದರೆ ಎಳ್ಳಮಾವಾಸ್ಯೆಗೆ ಖೋಲಿ ಬಿಡಲಿ ಎಂದು ತೀರ್ಪು ಕೊಟ್ಟಳು. ಹೀಗೆ ಒಬ್ಬ ಹಾಡುಗಾರನ ಭವಿಷ್ಯ, ಅವನನ್ನು ಒಂದು ಮಾತೂ ಕೇಳದೆ, ಮೆಣಸಿನ ಗಿಡದ ಕೈಗೆ ಹೋಯಿತು.

ಎಂಟು ವನಸ್ಪತಿ ತುಪ್ಪದ ಡಬ್ಬಿ. ಎಂಟಕ್ಕೂ ಒಂದೇ ಹೊಲದ ಎರೆಮಣ್ಣು, ಒಂದೇ ಮಡಿಯ ಜವಾರಿ ಮೆಣಸಿನ ಸಸಿ, ದಿನಕ್ಕೆ ಅರ್ಧ ಚರಿಗೆ ನೀರು. ನಾಲ್ಕನ್ನು ರಾಚಯ್ಯನ ಕಿಟಕಿಯ ಕೆಳಗಿಟ್ಟು 'ಸಂಗೀತ' ಎಂದು ಸುಣ್ಣದಲ್ಲಿ ಬರೆದೆ. ಇನ್ನು ನಾಲ್ಕನ್ನು ಹಾಡು ಕೇಳದ ಹಾಗೆ ಹಿತ್ತಲಿನ ಗೋಡೆಯಾಚೆ ಇಟ್ಟು 'ಮೌನ' ಎಂದು ಬರೆದೆ. ಕಾಲೇಜಿನಿಂದ ಅಳತೆಪಟ್ಟಿ ತಂದು ದಿನಾ ಮುಂಜಾನೆ ಅಂಗಿಯೊಳಗೆ ಸಿಕ್ಕಿಸಿಕೊಂಡು ಓಡಾಡತೊಡಗಿದೆ. ವಾಮನರಾಯರಿಗೆ ಖುಷಿಯೋ ಖುಷಿ. ಮೊದಲ ಹದಿನೈದು ದಿನದ ಬೆಳವಣಿಗೆಗೆ ಚಕ್ರಬಡ್ಡಿ ಕಟ್ಟಿ, ಇದೇ ದರದಲ್ಲಿ ಹೋದರೆ ಎರಡು ವರ್ಷಕ್ಕೆ ಈ ಗಿಡ ಗುಡಿಯ ಶಿಖರ ದಾಟುತ್ತದೆ ಎಂದು ಆಲೇಖ ಬರೆದು ತಂದರು. ರಾಚಯ್ಯ ಗಿಡಗಳ ಕಡೆ ನೋಡಿದಾಗಲೆಲ್ಲ ಮುಂದಿನ ಸಾಲಿನಲ್ಲಿ ಪರೀಕ್ಷಕರು ಕೂತಂತೆ ಬೆನ್ನು ನೆಟ್ಟಗೆ ಮಾಡಿ ಹಾಡುತ್ತಿದ್ದ. ಶಾಂತಾ ಮಾತ್ರ ಎಂಟೂ ಗಿಡಗಳಲ್ಲಿ ಒಟ್ಟು ಎಷ್ಟು ಕಾಯಿ ಬರಬಹುದು, ರಂಜಕದ ಚಟ್ನಿಗೆ ಸಾಲುತ್ತದೆಯೇ ಎಂದಷ್ಟೇ ಕೇಳುತ್ತಿದ್ದಳು. ಈಗ ಯೋಚಿಸಿದರೆ ಆ ವಾಡೆಯಲ್ಲಿ ಗಿಡವನ್ನು ಗಿಡವಾಗಿ ನೋಡಿದವಳು ಅವಳೊಬ್ಬಳೇ.

ಒಂದೂವರೆ ತಿಂಗಳಾಗುವಷ್ಟರಲ್ಲಿ ಅನಾಹುತ ಕಣ್ಣಿಗೆ ಬೀಳತೊಡಗಿತು. ಮೌನದ ಗಿಡಗಳು ಮೊಣಕಾಲು ದಾಟಿ, ಹೂ ಬಿಟ್ಟು, ಮೆರೆಯುತ್ತಿದ್ದವು. ಸಂಗೀತದ ಗಿಡಗಳು ಗೇಣುದ್ದಕ್ಕೇ ನಿಂತು, ಎಲೆ ಹಳದಿಯಾಗಿ, ಕೊನೆಯ ಬೆಂಚಿನ ಹುಡುಗರ ಹಾಗೆ ತೂಕಡಿಸುತ್ತಿದ್ದವು. ಭೈರವ ರಾಗ ಮೆಣಸಿನ ಗಿಡವನ್ನು ಕೊಲ್ಲುತ್ತದೆ ಎಂಬುದು ವಿಜ್ಞಾನಕ್ಕೆ ಹೊಸ ವಿಷಯವೇ, ಪ್ರಬಂಧಕ್ಕೆ ಸಾಕು. ಆದರೆ ಆ ಪ್ರಬಂಧ ಮುಗಿದರೆ ರಾಚಯ್ಯ ತಕ್ಕಡಿಯ ಮುಂದೆ ಕೂಡಬೇಕು.

ಎಳ್ಳಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ನಡೆದದ್ದು ನನಗೆ ಎರಡು ರೀತಿಯಲ್ಲಿ ನೆನಪಿದೆ. ಒಂದರಲ್ಲಿ ನಾನು ಹಿತ್ತಲಲ್ಲಿ ನಿಂತು, 'ಮೌನ' ಎಂಬುದನ್ನು ಅಳಿಸಿ 'ಸಂಗೀತ' ಎಂದು ಬರೆಯಲು ಎಷ್ಟು ಸುಣ್ಣ ಬೇಕಾದೀತು ಎಂದು ಲೆಕ್ಕ ಹಾಕಿ, ಸಂಶೋಧಕನ ಧರ್ಮ ನೆನೆದು, ತಲೆ ಕೊಡವಿ ಒಳಗೆ ಬರುತ್ತೇನೆ. ಇನ್ನೊಂದರಲ್ಲಿ ಒಂದು ಡಬ್ಬಿ ಅದಾಗಲೇ ನನ್ನ ಕಂಕುಳಲ್ಲಿದೆ. ಮೊದಲನೆಯದನ್ನು ನಾನು ಬಹಳ ವರ್ಷ ನಂಬಿದ್ದೆ. ಆ ದಿನ ನಿಮ್ಮ ಅಂಗಿಯ ಕಂಕುಳಿಗೆ ಹತ್ತಿದ ಎರೆಮಣ್ಣು ಮೂರು ಸಲ ಒಗೆದರೂ ಹೋಗಲಿಲ್ಲ ಎಂದು ಶಾಂತಾ ಅನ್ನುತ್ತಾಳೆ. ಅಂತೂ ಡಬ್ಬಿಗಳು ಇದ್ದಲ್ಲೇ ಇದ್ದವು.

ಮರುದಿನ ಎಲ್ಲರೂ ಅಂಗಳದಲ್ಲಿ ನೆರೆದೆವು. ನಾನು ಅಳೆದೆ. ವಾಮನರಾಯರು ಬರೆದುಕೊಂಡರು, ಕೂಡಿಸಿದರು, ಭಾಗಿಸಿದರು, ಕನ್ನಡಕ ತೆಗೆದರು. "ಮಾಸ್ತರ, ಬಡ್ಡಿ ಹಾಳಾಗ್ಲಿ. ಸಂಗೀತದ ಗಿಡ ಅಸಲನ್ನೂ ನುಂಗ್ಯಾವ" ಎಂದರು.

ಕಾರಣ ಹುಡುಕಲು ಹೊತ್ತು ಹಿಡಿಯಲಿಲ್ಲ. ಮೌನದ ಡಬ್ಬಿಗಳನ್ನು ನಾನು ಇಟ್ಟಿದ್ದ ಜಾಗದಲ್ಲಿ ನೀಲವ್ವ ನೂಲಿಗೆ ಹಚ್ಚಿ ಉಳಿದ ಗಂಜಿಯನ್ನು ಚೆಲ್ಲುತ್ತಿದ್ದಳು. ಮೂವತ್ತು ವರ್ಷದಿಂದ ಅಲ್ಲೇ ಚೆಲ್ಲಿದವಳಿಗೆ, ಡಬ್ಬಿ ತಂದಿಟ್ಟಿದ್ದಾರೆಂದು ಜಾಗ ಬದಲಿಸಬೇಕು ಅನ್ನಿಸಿರಲಿಲ್ಲ. ಸಂಗೀತದ ಡಬ್ಬಿಗಳ ಕಥೆ ಇನ್ನೂ ಭಕ್ತಿಯದು. ತನ್ನ ಭವಿಷ್ಯ ಗಿಡಗಳ ಕೈಯಲ್ಲಿದೆಯೆಂದು ಗಾಬರಿಯಾಗಿದ್ದ ರಾಚಯ್ಯ, ದಿನಾ ಪೂಜೆ ಮುಗಿಸಿ ಒಂದು ಕೊಡ ನೀರಿಗೆ ವಿಭೂತಿ ಕಲಸಿ ನಾಲ್ಕಕ್ಕೂ ಹೊಯ್ಯುತ್ತಿದ್ದ. ಬೇರು ಕೊಳೆತಿತ್ತು. ನನ್ನ ಅರ್ಧ ಚರಿಗೆಯ ವಿಜ್ಞಾನ ಆ ಎರಡು ಪ್ರವಾಹಗಳ ನಡುವೆ ಎರಡು ತಿಂಗಳು ತೇಲಿತ್ತು.

ಹಾಗಾದರೆ ಪ್ರಯೋಗವೇ ರದ್ದು ಎಂದೆ. ನೀಲವ್ವ ಒಪ್ಪಲಿಲ್ಲ. ಮಾತು ಮಾತೇ, ಗಿಡ ಬೆಳೆದಿಲ್ಲ ಎಂದಳು. ರಾಚಯ್ಯ ತಕರಾರು ಮಾಡದೆ ಒಳಗೆ ಹೋಗಿ ಹಾಸಿಗೆ ಸುತ್ತತೊಡಗಿದ. ಆಗ ಆಕೆಗೆ ಏನನ್ನಿಸಿತೋ, ತಾನು ಅನ್ಯಾಯ ಮಾಡುತ್ತಿಲ್ಲವೆಂದು ಅಯ್ಯನೋರಿಗೆ ತಿಳಿಯಲಿ ಎಂದು, ಮಗ್ಗದಿಂದ ಹಿಂದಿನ ದಿನವಷ್ಟೇ ಇಳಿಸಿದ್ದ ಸೀರೆಯನ್ನು ತಂದು ಕಟ್ಟೆಯ ಮೇಲೆ ಉದ್ದಕ್ಕೆ ಹಾಸಿದಳು. ಹಸಿರು ಒಡಲು, ಕೆಂಪು ಅಂಚು. ಐದು ದಿನದ ದುಡಿಮೆ.

"ಅಯ್ಯನೋರ, ಹೊರಗ ಬರ್ರಿ. ಇದು ಸೋಮಾರ. ನೀವು ಸಾವಕಾಶ ಹಾಡೀರಿ, ನಾನೂ ಸಾವಕಾಶ ಬಡದೇನಿ. ಕೈಯಾಡ್ಸಿ ನೋಡ್ರಿ, ದಪ್ಪ ಐತಿ. ಇದು ಮಂಗಳಾರ. ನಿಮ್ಮ ಗಂಟಲು ಕಟ್ಟಿತ್ತು, ಹಾಡಿಲ್ಲ. ನೋಡ್ರಿ, ಹ್ಯಾಂಗ ಸರಳ ಹೋಗೇತಿ."

ರಾಚಯ್ಯ ಸೀರೆಯ ಮೇಲೆ ಬಗ್ಗಿ ಬೆರಳಾಡಿಸಿದ. ಬುಧವಾರದ ಹತ್ತಿರ ಬೆರಳು ನಿಂತಿತು. ಅಲ್ಲಿ ನೇಯ್ಗೆ ದಟ್ಟವಾಗಿ ಶುರುವಾಗಿ, ಬರಬರುತ್ತ ತೆಳುವಾಗಿತ್ತು. ಇದೇನು ಎಂದು ಕೇಳಿದ.

"ಅಲ್ಲಿ ನೀವು ಓಡೀರಿ. ದಿನಾ ಓಡ್ತೀರಿ. ಚಂದಾಗಿ ಹಿಡಿತೀರಿ, ಆಮ್ಯಾಲೆ ಯಾರೋ ಬೆನ್ನು ಹತ್ತಿದವರಂಗ ಮಾಡ್ತೀರಿ. ಸಾವಕಾಶ ಹೋದ್ರೂ ನಡೀತೈತಿ, ಒಂದ ಹದಕ್ಕ ಹೋಗಬೇಕಿಲ್ಲೋ. ನನ್ನ ಕಾಲು ಯಾರ ಹಿಂದ ಹೋಗಬೇಕು?"

ರಾಚಯ್ಯ ಕಟ್ಟೆಯ ಮೇಲೆ ಕೂತುಬಿಟ್ಟ. ಬಹಳ ಹೊತ್ತು ಆ ಗೇಣು ಬಟ್ಟೆಯನ್ನೇ ಸವರಿದ. "ಎರಡು ವರ್ಷದಿಂದ ಗುರುಗಳು ಇದನ್ನ ಹೇಳಾಕತ್ತಾರ, ನೀಲವ್ವಾ. ಲಯ ಜಾರ್ತೈತಿ ಅಂತ. ನನಗ ಕೇಳಿಸಿರ್ಲಿಲ್ಲ. ಈಗ ಕಾಣಿಸ್ತು" ಎಂದ. ಆಮೇಲೆ, ಒಬ್ಬ ಅಯ್ಯನವರ ಬಾಯಿಂದ ಆ ಓಣಿ ಕೇಳಿರದ ಮಾತೊಂದನ್ನು ಆಡಿದ. ನೀವು ಮುಂದೆ ನಡೆಯಿರಿ, ನಾನು ಹಿಂದೆ ಬರುತ್ತೇನೆ ಎಂದ.

ನೀಲವ್ವ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಆಗಲೇ, ಆ ಗಳಿಗೆಯಲ್ಲೇ ನೋಡೋಣವೆಂದು ಕುಣಿಯಲ್ಲಿ ಇಳಿದು ಕೂತಳು. ಮಗ್ಗ ತನ್ನ ನಡಿಗೆಯಲ್ಲಿ ಹೊರಟಿತು. ರಾಚಯ್ಯ ಗೋಡೆಗೆ ಒರಗದೆ ಹೊಸ್ತಿಲ ಮೇಲೆ ಕೂತು, ಅವಳ ಮಗ್ಗದ ನಾಲ್ಕು ಪೆಟ್ಟಿಗೆ ತನ್ನ ತಾಳದ ಒಂದು ಮಾತ್ರೆ ಎಂದು ಬೆರಳಲ್ಲಿ ಎಣಿಸಿ ಹಾಡು ಹಿಡಿದ. ಎರಡು ಸಲ ಓಡಿದ. ಎರಡೂ ಸಲ ಆಕೆ ಕಾಲು ನಿಲ್ಲಿಸಿ ಮುಖ ನೋಡಿದಳು. ಮೂರನೆಯ ಸಲ ಓಡಲಿಲ್ಲ. ಮಗ್ಗ ತನ್ನ ಪಾಡಿಗೆ ಚುರುಕಾಗಿ, ಹಾಡು ಅದರ ಮೇಲೆ ಸಾವಕಾಶವಾಗಿ, ಒಂದಕ್ಕೊಂದು ಅಡ್ಡ ಬರದೆ ಹೊರಟವು. ವಾಮನರಾಯರು ಕೈಗಡಿಯಾರ ನೋಡಿಕೊಂಡು ಗೇಣು ಅಳೆದು, ಇದು ಬಡ್ಡಿ ಕೊಡುವ ಪೈಕಿ ಎಂದು ಘೋಷಿಸಿದರು. ಹಾಸಿಗೆ ಬಿಚ್ಚಿಕೊಂಡಿತು. ಶಾಂತಾ ಎಲ್ಲರಿಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೊಟ್ಟಳು, ಜೊತೆಗೆ ಮೌನದ ಗಿಡಗಳ ಮೊದಲ ಹಸಿಮೆಣಸಿನಕಾಯಿ ಖಾರ. ಅಷ್ಟು ಖಾರದ ಮೌನವನ್ನು ನಾನು ಮತ್ತೆ ಕಂಡಿಲ್ಲ. ಮುಂದಿನ ವರ್ಷ ರಾಚಯ್ಯ ಪರೀಕ್ಷೆಯಲ್ಲಿ ಪಾಸಾದ. ಗುರುಗಳಿಗೆ ಕೊಟ್ಟಂತೆಯೇ ನೀಲವ್ವನಿಗೂ ಫಲತಾಂಬೂಲ ಕೊಡಲು ಹೋದಾಗ, ಅಯ್ಯನೋರಿಂದ ತೆಗೆದುಕೊಳ್ಳುವುದು ಹೇಗೆಂದು ಆಕೆ ಹಿಂದಕ್ಕೆ ಸರಿದು ಮಗ್ಗದ ಕುಣಿಗೇ ಬಿದ್ದಳೆಂದು ವಾಮನರಾಯರು ಹೇಳುತ್ತಾರೆ. ಅವರು ಆ ದಿನ ಊರಲ್ಲೇ ಇರಲಿಲ್ಲ.

ಆದರೆ ಎಳ್ಳಮಾವಾಸ್ಯೆಯ ಆ ಮಧ್ಯಾಹ್ನ ಇನ್ನೊಂದು ಸಂಗತಿ ಉಳಿದಿತ್ತು. ಸೀರೆ ಮಡಚುತ್ತಿದ್ದ ನೀಲವ್ವನನ್ನು ನಾನು, ನೋಟ್ ಪುಸ್ತಕ ತೆರೆದು, ಸಂಶೋಧಕನ ಗತ್ತಿನಲ್ಲಿ, ಸೆರಗಿನ ಹತ್ತಿರ ಇರುವ ಈ ಗಂಟು ಯಾವ ರಾಗದ್ದು ಎಂದು ಕೇಳಿದೆ. ಆಕೆ ಶಾಂತಾಳ ಮುಖ ನೋಡಿದಳು, ಶಾಂತಾ ಆಕೆಯ ಮುಖ ನೋಡಿದಳು. "ಅದು ಅಯ್ಯನೋರದಲ್ರಿ, ಮಾಸ್ತರ. ಶುಕ್ರಾರ ನೀವು ಅಳತಿಪಟ್ಟಿ ಕಳದೈತಿ ಅಂತ ಶಾಂತಾ ತಂಗೀ ಮ್ಯಾಲೆ ಒದರಿದ್ರಲ್ಲ, ಆವಾಗ ನನ್ನ ಎಳಿ ಹರೀತು" ಎಂದಳು. ಅಳತೆಪಟ್ಟಿ ಆಗಲೂ ನನ್ನ ಅಂಗಿಯೊಳಗೇ, ಬೆನ್ನಿಗೆ ಸರಿದು, ಕೂತಿತ್ತು.

ಆ ಸೀರೆಯನ್ನು ಶಾಂತಾಳೇ ಕೊಂಡಳು. ಮಾಸಿದರೂ ಜತನವಾಗಿ ಇಟ್ಟುಕೊಂಡಿದ್ದಾಳೆ, ವಿಶೇಷವಾಗಿ ನನ್ನ ಹಳೆಯ ವಿದ್ಯಾರ್ಥಿಗಳು ಊಟಕ್ಕೆ ಬರುವ ದಿನ ಉಡುತ್ತಾಳೆ. ಆ ದಿನಗಳಲ್ಲಿ ನಾನು ಮನೆಯಲ್ಲಿ ಎಷ್ಟು ತಾಳ್ಮೆಯಿಂದ ಸಂಶೋಧನೆ ನಡೆಸುತ್ತಿದ್ದೆ ಎಂದು ಅವರಿಗೆ ಹೇಳತೊಡಗಿದರೆ, ಅವಳು ಅನ್ನ ಬಡಿಸುತ್ತಲೇ ಸೆರಗು ಮುಂದೆ ತಂದುಕೊಂಡು ಹೆಬ್ಬೆರಳಿನಿಂದ ಗಂಟು ಸವರುತ್ತಾಳೆ. ನಾನು ಮಾತು ಬದಲಿಸುತ್ತೇನೆ. ಗಂಟು ಒಂದೇ ಇತ್ತೆಂದು ನನ್ನ ನೆನಪು. ಅವಳು ಮೂರು ಕಡೆ ಸವರುತ್ತಾಳೆ.