ಭೈರವಿಯಾದ ಮೇಲೆ ಯಾರೂ ಹಾಡದಿರುವ ಕುರಿತು

ಪಶ್ಚಿಮ ತೀರ ವಿದ್ಯಾಪೀಠ
ಸಂಗೀತ ವಿಭಾಗ, ಪರೇಲ್, ಮುಂಬಯಿ

ಸಂಖ್ಯೆ: ಸಂವಿ/ಭೈರವಿ/೪/೧೯೫೫–೫೬
ದಿನಾಂಕ: ೧೪ ಫೆಬ್ರವರಿ ೧೯೫೬, ಮಂಗಳವಾರ

ಸುತ್ತೋಲೆ

ವಿಷಯ: ವಿಭಾಗದ ಮುಂಬರುವ ಗಾಯನ ಕಾರ್ಯಕ್ರಮಗಳು, ವಿಭಾಗದ ವಾರ್ತೆ, ಹಾಗೂ ವೇದಿಕೆಯ ಮೇಲೆ ಭೈರವಿ ರಾಗದ ಅಕಾಲ ಪ್ರವೇಶವನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: (ಅ) ಇದೇ ವಿಷಯವಾಗಿ ಹೊರಡಿಸಲಾದ, ಯಾರೂ ಓದಿದಂತೆ ಕಂಡುಬರದ ಹಿಂದಿನ ಸುತ್ತೋಲೆಗಳು. (ಆ) ಹಾಡಲು ಇನ್ನೊಂದು ಅವಕಾಶ ಕೋರಿ ವಿದ್ಯಾರ್ಥಿನಿ ಕುಮಾರಿ ರುದ್ರವ್ವ ಅವರು ಸಲ್ಲಿಸಿದ ಅರ್ಜಿ. (ಇ) ಸದರಿಯವರ ತಾಯಿ ಶ್ರೀಮತಿ ಮಲ್ಲವ್ವ ಅವರು ವಿಭಾಗದ ಮೆಟ್ಟಿಲ ಮೇಲೆ ನೀಡಿದ ಮೌಖಿಕ ಹೇಳಿಕೆ.

೧. ಹಿಂದುಸ್ತಾನಿ ಗಾಯನದ ರೂಢಿಯಂತೆ ಭೈರವಿಯನ್ನು ಕೊನೆಯಲ್ಲಿ ಹಾಡಲಾಗುತ್ತದೆ. ಭೈರವಿ ಆಯಿತೆಂದರೆ ಆ ಸಂಜೆ ಆ ವೇದಿಕೆಯ ಮೇಲೆ ಎಂಥವರೂ ಬಾಯಿ ತೆರೆಯುವಂತಿಲ್ಲ. ಈ ರೂಢಿಯನ್ನು ವಿಭಾಗದ ಗೋಡೆಗಳೂ ಪಾಲಿಸುತ್ತಿರುವುದು ಕಂಡುಬಂದಿದೆ. ಕಾವಲುಗಾರನು ಬೀಗದ ಕೈ ತೆಗೆಯುತ್ತಾನೆ, ಫ್ಯಾನು ನಿಲ್ಲುತ್ತದೆ. ಕ್ಯಾಂಟೀನಿನ ಶ್ರೀ ಅಣ್ಣು ಅವರನ್ನು ವಿಚಾರಿಸಲಾಗಿ, "ನಮಗೆ ರಾಗ ಗೀಗ ಎಲ್ಲ ಗೊತ್ತಿಲ್ಲ ಮಾರಾಯ್ರೆ. ಭೈರವಿ ಕೇಳಿದ ಕೂಡ್ಲೆ ಒಲೆ ಆರಿಸುದು, ಅಷ್ಟೇ" ಎಂದು ತಿಳಿಸಿರುತ್ತಾರೆ.

೨. ಕು. ರುದ್ರವ್ವ ಅವರು ವಿಜಾಪುರದಿಂದ ಬಂದು, ಇಲ್ಲಿಯೇ ಪರೇಲಿನ ಚಾಳೊಂದರಲ್ಲಿ ಸೋದರಮಾವನ ಮನೆಯಲ್ಲಿದ್ದು ಕಲಿಯುತ್ತಿರುವವರು. ನಿಯಮದ ಪ್ರಕಾರ, ಸಾರ್ವಜನಿಕವಾಗಿ ಒಮ್ಮೆಯಾದರೂ ತಾವೇ ಮುಂದೆ ಕುಳಿತು ಹಾಡದವರಿಗೆ ಪದವಿಪತ್ರ ಕೊಡಲಾಗುವುದಿಲ್ಲ. ಸದರಿಯವರ ಗಾಯನವನ್ನು ಮೂರು ಬಾರಿ ಪ್ರಕಟಿಸಲಾಗಿದ್ದು, ಮೂರು ಬಾರಿಯೂ ನಡೆದಿರುವುದಿಲ್ಲ. ಈ ಅವಧಿ ಮುಗಿದರೆ ಅವರ ಹೆಸರು ವಿಭಾಗದಿಂದ ಹೋಗುತ್ತದೆ. ಪದವಿಯಿಲ್ಲದೆ ಊರಿನ ರೈಲು ಹತ್ತಬೇಕಾಗುತ್ತದೆ.

೩. ನಡೆಯದಿರುವುದಕ್ಕೆ ಕಾರಣವನ್ನು ಯಾರ ಹೆಸರನ್ನೂ ಎತ್ತದೆ ಈ ಕೆಳಗೆ ನಮೂದಿಸಲಾಗಿದೆ. ವಿಭಾಗದಿಂದ ನಿವೃತ್ತರಾಗಿ ಬೈಕುಲ್ಲಾದಲ್ಲಿ ವಾಸಿಸುತ್ತಿರುವ, ಕು. ರುದ್ರವ್ವ ಅವರ ಗುರುಗಳೂ ಆದ ಒಬ್ಬ ಹಿರಿಯ ಗಾಯಕರು, ಕಾರ್ಯಕ್ರಮಕ್ಕೆ ಮೊದಲೇ ಬಂದು, ತಂಬೂರಿಯ ಶ್ರುತಿ ಸರಿಯಿದೆಯೇ ನೋಡಲೆಂದು ವೇದಿಕೆ ಏರುತ್ತಾರೆ. ಸರಿಯಿದ್ದ ಶ್ರುತಿಯನ್ನು ಕಂಡು ಖುಷಿಯಾಗಿ ಸ್ವಲ್ಪ ಆಲಾಪ ಮಾಡುತ್ತಾರೆ. ತಬಲಾದವನ ಕೈ ಸುಮ್ಮನಿರುವುದಿಲ್ಲ. ಅಲ್ಲಿಂದ ಮುಂದೆ ಯಾವುದೂ ಯಾರ ಕೈಯಲ್ಲೂ ಉಳಿಯದೆ ಭೈರವಿಯವರೆಗೆ ಹೋಗಿ ನಿಲ್ಲುತ್ತದೆ. ಹಿಂದೆ ಕುಳಿತು ತಂಬೂರಿ ಮೀಟುವವರು ಕು. ರುದ್ರವ್ವ ಅವರೇ. ಗುರುಗಳು ಹಾಡುತ್ತಿರುವಾಗ ಶಿಷ್ಯೆ ತಂಬೂರಿ ಕೆಳಗಿಡುವಂತಿಲ್ಲ.

೪. ಕೆಳಗೆ ಸಹಿ ಮಾಡಿದವರು ಪ್ರತಿ ಸಲವೂ ಈ ಸಲ ಎದ್ದುಹೋಗಿ ತಡೆದೇ ತೀರಬೇಕೆಂದು ಟೊಂಕ ಕಟ್ಟಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಆದರೆ ಆ ಕಂಠವೇ ಅಂಥದ್ದು. ಏಳಬೇಕೆಂಬುದು ಮರೆತುಹೋಗಿ ಅವರ ತಲೆಯೂ ತೂಗಲಾರಂಭಿಸುತ್ತದೆ. ಮೂರನೆಯ ಸಲ ಹೀಗಾದಾಗ ಮೆಟ್ಟಿಲ ಮೇಲೆ ಶ್ರೀಮತಿ ಮಲ್ಲವ್ವ ಅವರು ಸಹಿದಾರರನ್ನು ತಡೆದು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಮೂರ ಸಲ ರೈಲು ಹತ್ತಿ ಬಂದೇನ್ರಿ ಸಾಹೇಬ್ರ. ಮಗಳು ತಂತಿ ಮ್ಯಾಲ ಬೆರಳಾಡಿಸೂದು ನೋಡೇನಿ, ಬಾಯಿ ತೆಗೆಯೂದು ನೋಡಿಲ್ಲ. ಬರೇ ಬೆರಳಾಡಿಸೂದು ಕಲಿಯೂದಿದ್ರ ನಮ್ಮ ಮನ್ಯಾಗ ಮಗ್ಗ ಇತ್ತಲ್ರಿ." ಸಹಿದಾರರಿಗೆ ಬಹಳ ನಾಚಿಕೆಯಾಯಿತು.

೫. ಆದಕಾರಣ ೧೨ನೆಯ ತಾರೀಖು ಭಾನುವಾರದ ಕು. ರುದ್ರವ್ವ ಅವರ ಗಾಯನಕ್ಕೆ ಅನ್ವಯಿಸುವಂತೆ ಕೆಳಕಂಡ ನಿಯಮಗಳನ್ನು ಜಾರಿಗೆ ತರಲಾಗಿದೆ:

(ಕ) ಶ್ರುತಿ ನೋಡಲು ವೇದಿಕೆ ಏರುವವರು ನಿಂತುಕೊಂಡೇ ನೋಡತಕ್ಕದ್ದು. ಕುಳಿತಲ್ಲಿ ಹಾಡುವ ಉದ್ದೇಶವಿದೆಯೆಂದು ಭಾವಿಸಲಾಗುವುದು. ಶಾಲು ತೆಗೆದಿಟ್ಟಲ್ಲಿ ಉದ್ದೇಶ ಸಾಬೀತಾಯಿತೆಂದು ಪರಿಗಣಿಸಲಾಗುವುದು.

(ಖ) ಶ್ರುತಿ ನೋಡುವವರಿಗೆ 'ಸಾ' ಸ್ವರವನ್ನು ಮಾತ್ರ ಮಂಜೂರು ಮಾಡಲಾಗಿದೆ. 'ಪಾ' ಬೇಕಾದಲ್ಲಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಸ್ವರವು ಭೈರವಿಯ ಗುರುತಾದ ಕೋಮಲ ರಿಷಭದ ಕಡೆಗೆ ಜಾರುವ ಲಕ್ಷಣ ಕಂಡಕೂಡಲೇ ಸಮೀಪದ ಸಿಬ್ಬಂದಿ ಕೆಮ್ಮತಕ್ಕದ್ದು.

(ಗ) ಕೆಮ್ಮುವ ಸಿಬ್ಬಂದಿಯನ್ನು ಪಾಳಿಯ ಮೇಲೆ ನೇಮಿಸಲಾಗುವುದು. ಕೆಮ್ಮು ಬಾರದವರು ಹಾಗೆಂದು ವೈದ್ಯರಿಂದ ಬರೆಸಿಕೊಂಡು ಬರತಕ್ಕದ್ದು. ಕೆಮ್ಮು ಯಾವ ಕಾರಣಕ್ಕೂ ತಾಳಕ್ಕೆ ಸರಿಯಾಗಿ ಬೀಳಕೂಡದು. ಕಳೆದ ಸಲ ಯಾರದೋ ಕೆಮ್ಮು ತಾಳದ ಮೊದಲ ಪೆಟ್ಟಾದ ಸಮದ ಮೇಲೆಯೇ ಬಿದ್ದು, ಸಭೆಯು 'ವಾಹ್ ವಾಹ್' ಎಂದಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

(ಘ) ತಬಲಾ ವಾದಕರು ತಮ್ಮನ್ನು ಕರೆಯುವವರೆಗೆ ಒಂದು ಕೈಯಲ್ಲಿ ಚಹದ ಕಪ್ಪು, ಇನ್ನೊಂದರಲ್ಲಿ ಬಸಿ ಹಿಡಿದಿರತಕ್ಕದ್ದು. ಚಹ ಮುಗಿಯದಂತೆ ಶ್ರೀ ಅಣ್ಣು ಅವರು ನೋಡಿಕೊಳ್ಳತಕ್ಕದ್ದು. ಬಸಿಯ ಮೇಲೆ ಬೆರಳಿನಿಂದ ಠೇಕಾ ಹಾಕುವುದನ್ನು ನಿಷೇಧಿಸಲಾಗಿದೆ.

(ಙ) ಇಷ್ಟಾಗಿಯೂ ಭೈರವಿ ಹಾಡಲ್ಪಟ್ಟಲ್ಲಿ, ಹಾಡಿದ್ದು ಭೈರವಿಯಲ್ಲವೆಂದು ವಿಭಾಗದ ಮೂವರು ಅಧ್ಯಾಪಕರು ಕೂಡಲೇ ಸಹಿ ಹಾಕಿ ಘೋಷಿಸತಕ್ಕದ್ದು. ರಾಗದ ಹೆಸರನ್ನು ಠರಾವಿನ ಮೂಲಕ ಬದಲಾಯಿಸಬಹುದೆಂದು ಕಾನೂನು ಶಾಖೆಯವರು ಅಭಿಪ್ರಾಯಪಟ್ಟಿದ್ದಾರೆ. ಕೇಳಿದವರ ಕಿವಿಯ ಬಗ್ಗೆ ಅವರು ಮೌನ ವಹಿಸಿದ್ದಾರೆ.

೬. ಈ ನಿಯಮಗಳ ಕರಡನ್ನು ಸದರಿ ಹಿರಿಯ ಗಾಯಕರಾದ ಶ್ರೀ ಚನ್ನಬಸಯ್ಯ ಬುವಾ ಅವರಿಗೆ (ಹೆಸರು ಎತ್ತುವುದಿಲ್ಲವೆಂದು ೩ರಲ್ಲಿ ಹೇಳಿದ್ದನ್ನು ಈ ಮೂಲಕ ಸಡಿಲಿಸಲಾಗಿದೆ) ಸಹಿದಾರರು ಖುದ್ದಾಗಿ ತೋರಿಸಿದರು. ಓದಿಯಾದರೂ ಅರ್ಥ ಮಾಡಿಕೊಂಡಾರೆಂಬ ಆಸೆಯಿತ್ತು. ಅವರು ಪೂರ್ತಿ ಓದಿ, ಕನ್ನಡಕ ತೆಗೆದು, "ಛಲೋ ಬರದೀರಿ ದಾನಪ್ಪ. ಇಂಥಾವ್ರು ಗಂಟು ಬಿದ್ರ ಹುಡುಗರು ಮುಂದ ಬರೂದು ಹ್ಯಾಂಗ? ಯಾರವಾ? ಹೆಸರು ಬರೀರಿ, ಯಾಕ ಅಂಜತೀರಿ?" ಎಂದರು. ಸಹಿದಾರರು ಬೆಪ್ಪಾಗಿ ಫ್ಯಾನಿನ ಕಡೆ ನೋಡಿ ಹೊರಬಂದರು.

೭. ಕರಡನ್ನು ಮಂಜೂರಾತಿಗಾಗಿ ಮುಖ್ಯ ಕಚೇರಿಗೆ ಕಳುಹಿಸಲಾಗಿದ್ದು, ಅದು ಮೇಜಿನಿಂದ ಮೇಜಿಗೆ ಹೋಗಿ ಇಂದು ಮಂಗಳವಾರ ಮಂಜೂರಾಗಿ ಬಂದಿರುತ್ತದೆ. ಭಾನುವಾರ ಆಗಲೇ ಕಳೆದಿರುತ್ತದೆ. ಮಂಜೂರಾದ ನಿಯಮಗಳನ್ನು ಕೈಬಿಡಲು ಮತ್ತೆ ಮಂಜೂರಾತಿ ಬೇಕಾಗುವುದರಿಂದ ಅವನ್ನು ಹಾಗೆಯೇ ಉಳಿಸಿಕೊಂಡು, ಭಾನುವಾರ ನಡೆದುದನ್ನು ವಿಭಾಗದ ವಾರ್ತೆಯಾಗಿ ಕೆಳಗೆ ಸೇರಿಸಲಾಗಿದೆ.

೮. ಆ ಸಂಜೆ ಬುವಾ ಅವರು ಎಂದಿನಂತೆ ಮೊದಲೇ ಬಂದರು. ವೇದಿಕೆ ಏರಿದರು, ಕುಳಿತರು, ಶಾಲು ತೆಗೆದಿಟ್ಟರು. ಹಿಂದೆ ಕು. ರುದ್ರವ್ವ ಅವರು ತಂಬೂರಿ ಹಿಡಿದು ಕುಳಿತಿದ್ದರು. ನಿಯಮಗಳು ಮುಖ್ಯ ಕಚೇರಿಯಲ್ಲಿದ್ದುದರಿಂದ ಯಾರೂ ಕೆಮ್ಮಲಿಲ್ಲ. ಬುವಾ ಅವರು ಗಂಟಲು ಸರಿಮಾಡಿಕೊಂಡು, ನೀರು ತರಿಸಿ, ಲೋಟವನ್ನು ಎತ್ತಿ ಕುಡಿಯುತ್ತಿರುವಾಗ ಅವರ ಬೆನ್ನ ಹಿಂದೆ ಭೈರವಿ ಶುರುವಾಯಿತು.

೯. ಹಾಡುತ್ತಿದ್ದವರು ಕು. ರುದ್ರವ್ವ. ತಲೆ ತಗ್ಗಿಸಿ, ತಂಬೂರಿಯ ಮರೆಯಿಂದ, ಮೊದಲು ನಡುಗುತ್ತ, ಆಮೇಲೆ ನಡುಗದೆ. ಇಂಥದೊಂದು ದಾರಿಯಿದೆಯೆಂದು ವಿಭಾಗದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕೊನೆಯ ರಾಗವನ್ನು ಯಾರಾದರೂ ಮೊದಲು ಹಾಡಿಬಿಟ್ಟರೆ, ಇನ್ನು ಬುವಾ ಅವರೂ ಬಾಯಿ ತೆರೆಯುವಂತಿಲ್ಲ. ಬುವಾ ಅವರು ಲೋಟ ಹಿಡಿದುಕೊಂಡೇ ಹಿಂತಿರುಗಿ ನೋಡಿದರು. ಗುರುವಿನ ಸಿಟ್ಟಿಗೆ ಹುಡುಗಿ ಗುರಿಯಾದಳೆಂದೇ ಸಹಿದಾರರು ಭಾವಿಸಿದರು.

೧೦. ಬುವಾ ಅವರು ಲೋಟ ಕೆಳಗಿಟ್ಟು, ಹಿಂದಕ್ಕೆ ಸರಿದು, ಆಕೆಯ ಕೈಯಿಂದ ತಂಬೂರಿ ತೆಗೆದುಕೊಂಡರು. "ಮುಂದ ಕೂಡು ನಮ್ಮವ್ವಾ. ಹಿಂದ ಕುಂತು ಹಾಡಿದ್ರ ಮಂದಿಗೆ ಹ್ಯಾಂಗ ಕೇಳಿಸಬೇಕು?" ಎಂದು, ತಾವೇ ಮೀಟತೊಡಗಿದರು. ಪದ್ಧತಿಯಂತೆ ಕ್ಯಾಂಟೀನಿನ ಒಲೆ ಆರಿತು, ಫ್ಯಾನು ನಿಂತಿತು, ಕಾವಲುಗಾರ ಬೀಗದ ಕೈ ತೆಗೆದ. ಯಾರೂ ಏಳಲಿಲ್ಲ. ಗ್ರಾಂಟ್ ರೋಡಿನ ಹೊಟೇಲುಗಳಲ್ಲಿ ಕೆಲಸ ಮುಗಿಸಿ ತಡವಾಗಿ ಬಂದ ಕೇಳುಗರು ಬಾಗಿಲಲ್ಲಿಯೇ ನಿಂತು ಬೆವರುತ್ತ ಕೇಳಿದರು. ನಾಲ್ಕನೆಯ ಸಲವೂ ರೈಲು ಹತ್ತಿ ಬಂದಿದ್ದ ಶ್ರೀಮತಿ ಮಲ್ಲವ್ವ ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. ಸಹಿದಾರರ ಕಣ್ಣೂ ತುಂಬಿಬಂದಿದ್ದು, ಇದಕ್ಕೆ ಪೂರ್ವಾನುಮತಿ ಪಡೆದಿರುವುದಿಲ್ಲ.

೧೧. ಕೊನೆಯಿಂದಲೇ ಶುರುವಾದ ಕಾರ್ಯಕ್ರಮವನ್ನು ಕಾರ್ಯಕ್ರಮವೆಂದು ಹೇಗೆ ಪರಿಗಣಿಸುವುದೆಂದು ಪರೀಕ್ಷಾ ಮಂಡಳಿಯವರು ಕೇಳಿರುತ್ತಾರೆ. ಮುಗಿದಿರುವ ಕಾರ್ಯಕ್ರಮವು ನಡೆದೇ ಇರಬೇಕೆಂದು ಸಹಿದಾರರು ಖಡಾಖಂಡಿತವಾಗಿ ತಿಳಿಸಿದ್ದು, ಕು. ರುದ್ರವ್ವ ಅವರಿಗೆ ಪದವಿಪತ್ರ ನೀಡಲು ಮಂಡಳಿಯು ಒಪ್ಪಿರುತ್ತದೆ.

೧೨. ಮುಂಬರುವ ಕಾರ್ಯಕ್ರಮ: ಮಾರ್ಚ್ ತಿಂಗಳ ಮೊದಲ ಭಾನುವಾರ, ಶ್ರೀ ಚನ್ನಬಸಯ್ಯ ಬುವಾ ಹಾಗೂ ಕು. ರುದ್ರವ್ವ ಅವರ ಗಾಯನ. "ನನ್ನ ಹೆಸರು ಮೊದಲ ಹಾಕ್ರಿ ದಾನಪ್ಪ, ಈಗಿನ ಹುಡುಗರನ್ನ ನಂಬಾಕ ಬರೂದಿಲ್ಲ" ಎಂಬ ಬುವಾ ಅವರ ಕೋರಿಕೆಯನ್ನು ಮನ್ನಿಸಲಾಗಿದೆ. ನೀರನ್ನು ಮನೆಯಲ್ಲಿಯೇ ಕುಡಿದು ಬರುವುದಾಗಿಯೂ ಅವರು ತಿಳಿಸಿರುತ್ತಾರೆ. ಸರ್ವರೂ ಸಕಾಲಕ್ಕೆ ಬರತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

(ಸಹಿ)
ದಾನಪ್ಪ
ಪ್ರಭಾರ ಮುಖ್ಯಸ್ಥರು, ಸಂಗೀತ ವಿಭಾಗ

ಪ್ರತಿಗಳು:

ಪರೀಕ್ಷಾ ಮಂಡಳಿ: ಇನ್ನು ಪ್ರಶ್ನೆ ಕೇಳಬಾರದೆಂಬ ಕೋರಿಕೆಯೊಂದಿಗೆ.

ಕಾನೂನು ಶಾಖೆ: ಕಿವಿಯ ಬಗ್ಗೆ ಅಭಿಪ್ರಾಯವನ್ನು ಬೇಗನೆ ಕಳುಹಿಸಲು.

ಶ್ರೀ ಅಣ್ಣು, ಕ್ಯಾಂಟೀನು: ಭೈರವಿ ಮೊದಲೇ ಬಂದರೂ ಬರಬಹುದು, ಒಲೆ ಆರಿಸುವ ಮುನ್ನ ಇಣುಕಿ ನೋಡತಕ್ಕದ್ದು.

ಶ್ರೀ ಚನ್ನಬಸಯ್ಯ ಬುವಾ, ಬೈಕುಲ್ಲಾ: ಇದು ತಮ್ಮ ಬಗ್ಗೆಯೇ ಎಂಬ ವಿನಮ್ರ ಸೂಚನೆಯೊಂದಿಗೆ.

ಶ್ರೀಮತಿ ಮಲ್ಲವ್ವ, ವಿಜಾಪುರ: ಯಾರಿಂದಲೂ ಓದಿಸಬೇಕಾದ ಅಗತ್ಯವಿಲ್ಲ. ಮಗಳು ಹಾಡಿದ್ದು ಖರೆ ಎಂದು ಓಣಿಯವರಿಗೆ ತೋರಿಸಲು ಅನುಕೂಲವಾಗಲೆಂದು ದೊಡ್ಡ ಮುದ್ರೆಯನ್ನು ಎರಡು ಸಲ ಒತ್ತಲಾಗಿದೆ.